ಮೂರು ನಿಮಿಷ ಮುಗಿದ ಮೇಲೆ ಏಳುವ ಪ್ರಶ್ನೆ

ಫೇರ್‌ಫ್ಯಾಕ್ಸ್‌ನ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಿಂದ ಹಿಡಿದು ಅಟ್ಲಾಂಟಾದ ಜಾರ್ಜಿಯಾ ಟೆಕ್‌ವರೆಗೆ, ನಮ್ಮ ಸುತ್ತಮುತ್ತಲಿನ ಅನೇಕ ಕಡೆ 'ತ್ರೀ ಮಿನಿಟ್ ಥೀಸಿಸ್' ಎಂಬ ಸ್ಪರ್ಧೆ ನಡೆಯುತ್ತದೆ. ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೋ ಹುಡುಗನೋ ವೇದಿಕೆ ಮೇಲೆ ನಿಂತು, ನಾಲ್ಕೈದು ವರ್ಷದ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ, ಆ ವಿಷಯದ ಗಂಧಗಾಳಿ ಇಲ್ಲದವರಿಗೂ ಅರ್ಥ ಆಗೋ ಹಾಗೆ ಹೇಳಬೇಕು. ಪರದೆ ಮೇಲೆ ಒಂದೇ ಸ್ಲೈಡ್. ಅದರಲ್ಲಿ ಯಾವ ಚಲನೆಯೂ ಇರಬಾರದು. ಕೈಯಲ್ಲಿ ವಸ್ತು ಹಿಡಿದು ತೋರಿಸುವಂತಿಲ್ಲ. ಹಾಡುವಂತಿಲ್ಲ, ಪದ್ಯ ಹೇಳುವಂತಿಲ್ಲ. ಮೂರು ನಿಮಿಷ ದಾಟಿದರೆ ಔಟ್.

ಇದು ಶುರುವಾಗಿದ್ದು 2008ರಲ್ಲಿ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ. ಆಗ ಅಲ್ಲಿ ಬರಗಾಲ. ನೀರು ಉಳಿಸೋಕೆ ಅಂತ ಜನ ಬಚ್ಚಲುಮನೆ ಗೋಡೆಗೆ ಮೂರು ನಿಮಿಷದ ಮರಳು ಗಡಿಯಾರ ಅಂಟಿಸಿಕೊಂಡಿದ್ದರು: ಮರಳು ಇಳಿಯೋದರೊಳಗೆ ಸ್ನಾನ ಮುಗೀಬೇಕು. ಅಲ್ಲಿನ ಗ್ರಾಜುಯೇಟ್ ಸ್ಕೂಲಿನ ಡೀನ್ ಆಗಿದ್ದ ಅಲನ್ ಲಾಸನ್ ಅವರಿಗೆ, ಇದೇ ಲೆಕ್ಕವನ್ನು ಥೀಸಿಸ್‌ಗೂ ಹಾಕಿದರೆ ಹೇಗೆ ಅನ್ನಿಸಿತು. ನೀರಿನ ಬದಲು ಮಾತು ಉಳಿಸೋದು! ಐಡಿಯಾ ಊರೂರಿಗೆ ಹಬ್ಬಿತು.

ಈ ಸ್ಪರ್ಧೆಯನ್ನು ಸುಮ್ಮನೆ ಗೇಲಿ ಮಾಡೋದು ಸುಲಭ. ಆದರೆ ಅದರ ನಿಯಮಗಳಲ್ಲಿ ಬುದ್ಧಿವಂತಿಕೆ ಇದೆ. ಸ್ಲೈಡ್ ಒಂದೇ ಅಂದಾಗ ಮಾತಾಡುವವರು ಚಾರ್ಟ್‌ಗಳ ಹಿಂದೆ ಅವಿತುಕೊಳ್ಳೋಕೆ ಆಗಲ್ಲ. ಸಮಯ ಕಡಿಮೆ ಅಂದಾಗ 'ನಾನು ಏನೇನು ಮಾಡಿದೆ' ಅನ್ನೋದು ಉದುರಿಹೋಗಿ 'ನಾನು ಕೇಳಿದ ಪ್ರಶ್ನೆ ಯಾವುದು' ಅನ್ನೋದು ಉಳಿಯುತ್ತದೆ. ಎಷ್ಟೋ ಸಂಶೋಧಕರಿಗೆ ತಮ್ಮ ಪ್ರಶ್ನೆ ತಮಗೇ ಸ್ಪಷ್ಟ ಆಗೋದು ಇಂಥ ಇಕ್ಕಟ್ಟಿನಲ್ಲೇ.

ನನ್ನ ತಕರಾರು ಬೇರೆ. ಯೂಟ್ಯೂಬ್‌ನಲ್ಲಿ ಇಂಥ ಭಾಷಣಗಳನ್ನು ಹತ್ತಿಪ್ಪತ್ತು ನೋಡಿ, ಅಚ್ಚು ಕಾಣತೊಡಗುತ್ತದೆ. 'ಕಲ್ಪಿಸಿಕೊಳ್ಳಿ' ಅಂತ ಆರಂಭ, ಒಂದು ಚಂದದ ಹೋಲಿಕೆ, ಒಂದು ತಮಾಷೆ, ಕೊನೆಗೆ 'ಮುಂದೊಂದು ದಿನ ಇದರಿಂದ ಜೀವಗಳು ಉಳಿಯಬಹುದು' ಎಂಬ ಭರವಸೆ. ಸಂಶೋಧನೆಯ ದಿನನಿತ್ಯದ ಊಟವಾದ ಅನುಮಾನಕ್ಕೆ, ಕೈಕೊಟ್ಟ ಪ್ರಯೋಗಕ್ಕೆ, 'ಇನ್ನೂ ಗೊತ್ತಿಲ್ಲ' ಎಂಬ ಮಾತಿಗೆ ಅಲ್ಲಿ ಜಾಗ ಬಹಳ ಕಡಿಮೆ. ತೀರ್ಪುಗಾರರ ಅಳತೆಗೋಲಿನಲ್ಲಿ ಒಂದು ಒಳ್ಳೆ ಪ್ರಶ್ನೆ ಇದೆ: ಕೇಳಿದವರಿಗೆ ಇನ್ನಷ್ಟು ತಿಳಿಯಬೇಕು ಅನ್ನಿಸಿತೇ? ಅನ್ನಿಸಿತು ಅಂತಲೇ ಇಟ್ಟುಕೊಳ್ಳಿ. ಆಮೇಲೆ? ಗಂಟೆ ಹೊಡೆಯುತ್ತದೆ, ಚಪ್ಪಾಳೆ ಬೀಳುತ್ತದೆ, ಮುಂದಿನವರು ಬರುತ್ತಾರೆ. ಹುಟ್ಟಿದ ಕುತೂಹಲಕ್ಕೆ ಬಾಯಿ ಇಲ್ಲ.

ಇಲ್ಲಿ ನನಗೆ ತಾಳಮದ್ದಳೆ ನೆನಪಾಗುತ್ತದೆ. ನೋಡದವರಿಗೆ ಒಂದು ಮಾತು: ಇದು ಕರಾವಳಿ, ಮಲೆನಾಡು, ಕಾಸರಗೋಡು ಕಡೆಯ ಯಕ್ಷಗಾನದ್ದೇ ಒಂದು ರೂಪ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ, ಶರ್ಟಿನಲ್ಲಿ ಕೂತ ಅರ್ಥಧಾರಿಗಳು ಆ ಪದಕ್ಕೆ ಬರೀ ಮಾತಿನಲ್ಲೇ ಅರ್ಥ ಹೇಳುತ್ತಾರೆ. ಇದೂ ಪರಿಕರವಿಲ್ಲದ ಮಾತುಗಾರಿಕೆಯೇ. ಆದರೆ ಅಲ್ಲಿ ಎದುರಿಗೊಬ್ಬ ಕೂತಿರುತ್ತಾನೆ! ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ಉತ್ತರಿಸಬೇಕು. ಉತ್ತರ ಸಾಲದಿದ್ದರೆ ವಾಲಿ ಬಿಡೋದಿಲ್ಲ. ಕಾಸರಗೋಡಿನ ಕಡೆಯಿಂದ ಬಂದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹೆಸರಾದದ್ದು ಇಂಥ ವಾದದಿಂದಲೇ. ರಾಮ ಏನು ಯೋಚಿಸಿದ್ದ ಅನ್ನೋದು ಸಭೆಗೆ ತಿಳಿಯುವುದು ವಾಲಿ ಕೇಳಿದ್ದರಿಂದ. ತಾಳಮದ್ದಳೆಗೆ ಗಂಟೆಗಟ್ಟಲೆ ಸಮಯ ಇರುತ್ತದೆ ನಿಜ. ಆದರೆ ಒಂದು ಪ್ರಶ್ನೆಗೆ ಅಷ್ಟೆಲ್ಲ ಸಮಯ ಬೇಡ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ನಮ್ಮ ಹುಡುಗಿಯೊಬ್ಬಳು ಚೆಸಪೀಕ್ ಕೊಲ್ಲಿಯ ನೀರಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ ಅನ್ನಿ. ಇಂಗ್ಲಿಷಿನಲ್ಲಿ 'ಯೂಟ್ರೋಫಿಕೇಷನ್' ಅಂದುಬಿಟ್ಟರೆ ಕೆಲಸ ಮುಗೀತು. ಬೆಂಗಳೂರಿನ ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಹೇಳಬೇಕಾದರೆ? "ಅಜ್ಜಿ, ಹೊಲ, ಲಾನಿಗೆ ಹಾಕಿದ ಗೊಬ್ಬರ ಮಳೇಲಿ ಕೊಚ್ಕೊಂಡು ನದಿಗೆ ಬರತ್ತೆ. ಅದನ್ನ ತಿಂದು ಪಾಚಿ ಸಿಕ್ಕಾಪಟ್ಟೆ ಬೆಳೆಯತ್ತೆ. ಆಮೇಲೆ ನೀರಲ್ಲಿ ಆಕ್ಸಿಜನ್ ಇಲ್ದೆ ಮೀನು ಸಾಯತ್ತೆ." ಬೆಳ್ಳಂದೂರು ಕೆರೆಯ ನೊರೆ ನೋಡಿದ ಅಜ್ಜಿಗೆ ಕೊಳಕು ನೀರು ಹೊಸದಲ್ಲ. ಆದರೂ ಕೇಳುತ್ತಾರೆ: "ಅಲ್ವೇ ಪುಟ್ಟಿ, ಪಾಚಿ ಹಸಿರು ತಾನೇ? ಹಸಿರು ಇದ್ರೆ ಆಕ್ಸಿಜನ್ ಜಾಸ್ತಿ ಆಗ್ಬೇಕಲ್ಲ?"

ಎಂಥ ಪ್ರಶ್ನೆ ನೋಡಿ! ಇದಕ್ಕೆ ಉತ್ತರ ಹೇಳೋಕೆ ಹುಡುಗಿ ತಾನು ಹಾರಿಸಿಬಿಟ್ಟ ಮೆಟ್ಟಿಲಿಗೆ ವಾಪಸ್ ಬರಬೇಕು. ಪಾಚಿ ಬದುಕಿದ್ದಾಗ ಬಿಸಿಲಲ್ಲಿ ಆಕ್ಸಿಜನ್ ಕೊಡೋದು ನಿಜ. ಅದು ಸತ್ತು ತಳಕ್ಕೆ ಇಳಿದ ಮೇಲೆ, ಕೊಳೆಸುವ ಬ್ಯಾಕ್ಟೀರಿಯಾಗಳು ತಳದ ನೀರಿನ ಆಕ್ಸಿಜನ್ ಎಳೆದುಕೊಳ್ಳುತ್ತವೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚಗಿನ ನೀರು ಕೆಳಗಿನದರ ಜೊತೆ ಸರಿಯಾಗಿ ಬೆರೆಯದ ಕಾರಣ ಖಾಲಿಯಾದದ್ದು ತುಂಬಿಕೊಳ್ಳೋದೂ ಇಲ್ಲ. ವಿಜ್ಞಾನ ಇದ್ದದ್ದು ಇಲ್ಲೇ. ಮೂರು ನಿಮಿಷದ ಭಾಷಣ ಚಪ್ಪಾಳೆ ಗಿಟ್ಟಿಸಿಕೊಂಡು ಇದನ್ನು ದಾಟಿ ಹೋಗಿಬಿಡುತ್ತಿತ್ತು.

'ಕನ್ನಡದಲ್ಲಿ ಇದೆಲ್ಲ ಆಗತ್ತಾ?' ಅನ್ನುವವರಿಗೆ: 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಬೆಳ್ಳಾವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವರು ಪದ ಹುಡುಕಿಕೊಂಡು ಹೋದರು. ನಮ್ಮ ಮಕ್ಕಳು ಆಕ್ಸಿಜನ್ ಅನ್ನೋದನ್ನು ಆಕ್ಸಿಜನ್ ಅಂದೇ ಹೇಳಲಿ, ಪರವಾಗಿಲ್ಲ. ಕನ್ನಡ ಬೇಕಾಗಿರೋದು 'ಯಾಕೆ', 'ಹೇಗೆ', 'ಆದ್ದರಿಂದ' ಅನ್ನುವ ಕೊಂಡಿಗಳಿಗೆ. ಆ ಕೊಂಡಿ ಸಿಗದೇ ಹೋದರೆ ಏನಾಗುತ್ತದೆ ಅಂತ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು: "ಮಗಳು ಏನೋ ರಿಸರ್ಚ್ ಮಾಡ್ತಿದಾಳೆ" ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಆರು ವರ್ಷದ ಕೆಲಸ 'ಏನೋ' ಆಗಿಬಿಡುತ್ತದೆ.

ಆದ್ದರಿಂದ ಒಂದು ಸಣ್ಣ ಸಲಹೆ. ವಾಷಿಂಗ್ಟನ್ ಕಡೆಯ ಕಾವೇರಿ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟ, ಹೀಗೆ ನಮ್ಮ ಸಂಘಗಳ ರಾಜ್ಯೋತ್ಸವದಲ್ಲಿ ಎರಡು ಡ್ಯಾನ್ಸ್‌ಗಳ ನಡುವೆ ಹತ್ತು ನಿಮಿಷ ಬಿಡಿ. ಒಬ್ಬ ವಿದ್ಯಾರ್ಥಿಗೆ ಮೂರು ನಿಮಿಷ ಮಾತು, ಬಂದಷ್ಟು ಕನ್ನಡದಲ್ಲಿ. ಉಳಿದ ಏಳು ನಿಮಿಷ ಸಭೆಯದು. ಮೊದಲ ಪ್ರಶ್ನೆ ಊರಿಂದ ಬಂದಿರುವ ಅಜ್ಜಿ ತಾತಂದಿರಿಗೆ ಮೀಸಲು. ಬಹುಮಾನ ಬೇಡ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನಾನು ಹುಡುಕ್ತಾ ಇರೋದೂ ಅದನ್ನೇ" ಅಂತ ಮೈಕಿನಲ್ಲಿ ಹೇಳೋಕೆ ಅವಕಾಶ ಇರಲಿ.