ಕುಕ್ಕರಗಾಲಲ್ಲಿ ಕೂರುವುದು ಕ್ರೀಡೆಯೇ?

ಮಂಡಿನೋವು ಎಷ್ಟು ಗುಣವಾಯಿತೆಂದು ಅಳೆಯಲು ಫಿಸಿಯೋಥೆರಪಿಯಲ್ಲಿ ಹೆಚ್ಚಾಗಿ ಬಳಸುವ ಪ್ರಶ್ನಾವಳಿಗಳಲ್ಲಿ 'ಕೂಸ್' ಒಂದು. ಅದರಲ್ಲಿ 'ಕ್ರೀಡೆ ಮತ್ತು ಮನರಂಜನೆ' ಎಂಬ ಭಾಗವಿದೆ. ಅಲ್ಲಿರುವುದು ಐದೇ ಪ್ರಶ್ನೆ: ಕುಕ್ಕರಗಾಲಲ್ಲಿ ಕೂರುವುದು, ಓಡುವುದು, ಜಿಗಿಯುವುದು, ನೋವಿರುವ ಕಾಲಿನ ಮೇಲೆ ಭಾರ ಹಾಕಿ ಮೈ ತಿರುಗಿಸುವುದು, ಮಂಡಿಯೂರುವುದು. ಅಡಿಕೆ ಸೀಮೆಯ ಅರವತ್ತೆರಡರ ಹೆಂಗಸೊಬ್ಬರ ಮುಂದೆ ಈ ಹಾಳೆ ಹಿಡಿದು ಕೂತಾಗ ನನಗೆ ಓದು ಮುಂದೆ ಸಾಗಲಿಲ್ಲ. ಬೆಳಗಿನ ಶೌಚಕ್ಕೆ, ಅಂಗಳದ ರಂಗೋಲಿಗೆ, ಬಟ್ಟೆ ಒಗೆಯಲಿಕ್ಕೆ ಅವರು ಕುಕ್ಕರಗಾಲಲ್ಲೇ ಕೂರಬೇಕು. ಅದನ್ನು ಓಟ, ಜಿಗಿತಗಳ ಸಾಲಿನಲ್ಲಿ ಇಟ್ಟವರು ಯಾರು?

ಇಟ್ಟವರಿಗೆ ಕಾರಣವಿತ್ತು. ಎವಾ ರೂಸ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಪ್ರಕಟಿಸಿದಾಗ ಅವರ ಮನಸ್ಸಿನಲ್ಲಿದ್ದವರು ಆಟದಲ್ಲಿ ಲಿಗಮೆಂಟ್ ಹರಿದುಕೊಂಡ, ಮುಂದೆ ಮಂಡಿ ಸವೆಯುವ ಅಪಾಯವಿರುವ ಕಿರಿಯರು. ಸ್ವೀಡಿಷ್ ಮತ್ತು ಅಮೆರಿಕನ್ ಇಂಗ್ಲಿಷಿನಲ್ಲಿ ಜೊತೆಜೊತೆಗೆ ರೂಪುಗೊಂಡದ್ದು. ಸಂಧಿ ಸವೆತಕ್ಕೆಂದು ಮೊದಲೇ ಇದ್ದ 'ವೊಮ್ಯಾಕ್' ಎಂಬ ಪ್ರಶ್ನಾವಳಿಯ 24 ಪ್ರಶ್ನೆಗಳನ್ನು ಒಳಗಿಟ್ಟುಕೊಂಡು ಒಟ್ಟು 42 ಪ್ರಶ್ನೆ ಕೇಳುತ್ತದೆ. ಇದರ ಒಂದು ಗುಣವನ್ನು ನಾನು ಮನಸಾರೆ ಮೆಚ್ಚುತ್ತೇನೆ: ಐದು ಭಾಗಗಳ ಅಂಕವನ್ನು ಕೂಡಿಸಿ ಒಂದು ಮೊತ್ತ ಮಾಡುವುದಿಲ್ಲ. ನೋವು ಇಳಿದರೂ ಓಡಾಟ ಸುಧಾರಿಸದಿದ್ದರೆ ಅದು ಎದ್ದು ಕಾಣುತ್ತದೆ. ಕೇಸ್ ಶೀಟಿನಲ್ಲಿ 'ಪರವಾಗಿಲ್ಲ' ಎಂದಷ್ಟೇ ಬರೆದು, ಮಂಡಿ 110 ಡಿಗ್ರಿಯಿಂದ 120ಕ್ಕೆ ಮಡಚಿತೆಂದು ಸಮಾಧಾನಪಡುತ್ತಿದ್ದ ಕಾಲಕ್ಕಿಂತ ಇದು ಎಷ್ಟೋ ಮೇಲು.

ತೊಡಕು ಇರುವುದು ದಿನನಿತ್ಯದ ಕೆಲಸಗಳ ಭಾಗದಲ್ಲಿ. ಅಲ್ಲಿನ 17 ಪ್ರಶ್ನೆಗಳಲ್ಲಿ ಎರಡು ಕಾಲುಚೀಲದ ಬಗ್ಗೆ, ಒಂದು ಕಾರು ಹತ್ತಿ ಇಳಿಯುವ ಬಗ್ಗೆ, ಒಂದು ಸ್ನಾನದ ತೊಟ್ಟಿಯ ಬಗ್ಗೆ. ಆ ಅಮ್ಮ ಈ ನಾಲ್ಕಕ್ಕೂ ನನ್ನ ಮುಖ ನೋಡಿ ಸುಮ್ಮನಾದರು. ಭಾಗದ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರವಿದ್ದರೆ ಅವುಗಳ ಸರಾಸರಿಯ ಮೇಲೆ ಅಂಕ ಕೊಡಬಹುದೆಂಬುದು ನಿಯಮ. ಉಳಿದ 13ರಿಂದ ಅಂಕವೇನೋ ಬಂತು. ಕ್ರೀಡೆಯ ಭಾಗಕ್ಕೆ ಬಂದಾಗ ಅದೇ ನಿಯಮ ತಿರುಗಿಬಿತ್ತು. ಓಡುವುದು, ಜಿಗಿಯುವುದು, ಗಿರಕಿ ತಿರುಗುವುದು ಅವರಿಗೆ ಬೇಕಿಲ್ಲ, ಹಾಗಾಗಿ ಮೂರು ಖಾಲಿ. ಐದರಲ್ಲಿ ಎರಡೇ ಉಳಿದದ್ದರಿಂದ ಆ ಭಾಗವನ್ನು ಲೆಕ್ಕಕ್ಕೇ ಹಿಡಿಯುವಂತಿಲ್ಲ. ಅವರನ್ನು ನನ್ನ ಬಳಿಗೆ ಕರೆತಂದ ಕಷ್ಟ ಯಾವುದೋ ಅದೇ ಹಾಳೆಯಿಂದ ಅಳಿಸಿಹೋಯಿತು.

ಇದನ್ನು ಕಾಗದದ ತೊಂದರೆ ಎಂದು ಬಿಡುವಂತಿಲ್ಲ. ನಾವು ಯಾವುದನ್ನು ಅಳೆಯುತ್ತೇವೋ ಅದಕ್ಕೇ ವ್ಯಾಯಾಮ ಹೇಳಿಕೊಡುತ್ತೇವೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಮರಳಿ ಕೂರುವ ಪರೀಕ್ಷೆಯನ್ನು ಗಡಿಯಾರ ಹಿಡಿದು ಮಾಡಿಸುತ್ತೇವೆ. ನೆಲದಿಂದ ಏಳುವುದನ್ನು ಎಷ್ಟು ಮಂದಿ ನೋಡುತ್ತೇವೆ? ಬದಲಿಗೆ, 'ಕೆಳಗೆ ಕೂರಬೇಡಿ, ಕಮೋಡ್ ಹಾಕಿಸಿ' ಎಂದು ಮೊದಲ ದಿನವೇ ಹೇಳಿ ಕಳಿಸುತ್ತೇವೆ. ತೀರಾ ಸವೆದ ಮಂಡಿಗೆ ಆ ಮಾತು ಸರಿಯಿರಬಹುದು. ಆದರೆ ರೋಗಿಯೊಂದಿಗೆ ಕೂತು ಮಾಡಬೇಕಾದ ತೀರ್ಮಾನವನ್ನು ಒಂದು ಹಾಳೆಯ ಮೌನ ಮಾಡಬಾರದು. ಪುಣೆಯ ಸಂಧಿರೋಗ ತಜ್ಞರು ವೊಮ್ಯಾಕ್ ಅನ್ನು ಭಾರತೀಯರ ಬದುಕಿಗೆ ಒಗ್ಗುವಂತೆ ಬದಲಿಸಿ ಬಳಸಿದ್ದಾರೆ. ಪ್ರಶ್ನೆಗಳ ಭಾಷೆ ಬದಲಿಸಿದರೆ ಸಾಲದು, ಪ್ರಶ್ನೆಗಳನ್ನೇ ಬದಲಿಸಬೇಕೆಂದು ಅವರಿಗೆ ಹೊಳೆದಿತ್ತು.

ನಾನು ಈಗ ಕೂಸ್ ಜೊತೆಗೆ ಇನ್ನೊಂದನ್ನು ಇಟ್ಟುಕೊಂಡಿದ್ದೇನೆ. 1995ರಲ್ಲಿ ಕೆನಡಾದ ಪಾಲ್ ಸ್ಟ್ರಾಟ್‌ಫರ್ಡ್ ಮತ್ತು ಸಂಗಡಿಗರು ರೂಪಿಸಿದ ಸರಳ ಮಾಪನವದು. ಮಾಡಲಾಗದ ಅಥವಾ ಕಷ್ಟವಾಗುತ್ತಿರುವ ಮೂರರಿಂದ ಐದು ಕೆಲಸಗಳನ್ನು ರೋಗಿಯೇ ಹೆಸರಿಸಿ, ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡಬೇಕು. 0 ಎಂದರೆ ಆಗುವುದೇ ಇಲ್ಲ, 10 ಎಂದರೆ ಮೊದಲಿನಂತೆ ಆಗುತ್ತದೆ. ಇದಕ್ಕೂ ಕೊರತೆಯಿದೆ: ಒಬ್ಬರ ಅಂಕವನ್ನು ಇನ್ನೊಬ್ಬರದಕ್ಕೆ ಹೋಲಿಸಲಾಗದು, ಆದ್ದರಿಂದ ವಾರ್ಡಿನ ಲೆಕ್ಕಕ್ಕೋ ಸಂಶೋಧನೆಗೋ ಕೂಸ್ ಬೇಕೇ ಬೇಕು. ಕೇಳುವ ಬಗೆಯ ಮೇಲೂ ಬಹಳ ನಿಂತಿದೆ. 'ಏನು ತೊಂದರೆ?' ಎಂದರೆ 'ಮಂಡಿನೋವು' ಎಂಬಲ್ಲಿಗೆ ಮಾತು ಮುಗಿಯುತ್ತದೆ. 'ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ ಹೇಳಿಯಮ್ಮ' ಎಂದರೆ ಬದುಕು ಬಿಚ್ಚಿಕೊಳ್ಳುತ್ತದೆ. ಸೊಸೆಯೋ ಮಗನೋ ಪಕ್ಕದಲ್ಲಿದ್ದರೆ ಶೌಚದ ಮಾತು ಬಾಯಿಗೆ ಬರುವುದಿಲ್ಲ. ಅವರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ಅಂಕವೆಂದರೆ ಕೆಲವರಿಗೆ ಗಲಿಬಿಲಿ. ಹಿರಿಯರು 'ರೂಪಾಯಿಗೆ ಎಂಟಾಣೆ ವಾಸಿ' ಎನ್ನುತ್ತಾರೆ. ಅಳತೆ ನಮ್ಮವರಿಗೆ ಹೊಸದೇನಲ್ಲ.

ಆ ಅಮ್ಮ ಹೆಸರಿಸಿದ್ದು ಮೂರು. ಬಚ್ಚಲ ಹಿಂದಿನ ಶೌಚಕ್ಕೆ ಕೂರುವುದು, 2. ಅಡಿಕೆ ಸುಲಿಯಲು ಕತ್ತಿಯ ಮುಂದೆ ಕೂರುವುದು, 1. ರಂಗೋಲಿ, 3. ತೊಡೆಯ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮದ ಜೊತೆಗೆ, ಎತ್ತರದ ಸ್ಟೂಲಿನಿಂದ ಶುರುಮಾಡಿ ವಾರವಾರ ಕೂರುವ ಮಟ್ಟ ಇಳಿಸುತ್ತ ಹೋದೆವು. ಎಂಟನೆಯ ವಾರ ಅಡಿಕೆಯ ಅಂಕ 5ಕ್ಕೆ ಏರಿತ್ತು, ಎತ್ತರದ ಮಣೆಯೊಂದನ್ನು ಅವರೇ ಹೊಂದಿಸಿಕೊಂಡಿದ್ದರು. ರಂಗೋಲಿ 6. ಶೌಚದ್ದು ಮಾತ್ರ 2ರಲ್ಲೇ ನಿಂತಿತ್ತು. ಕಮೋಡಿನ ಮಾತನ್ನು ಅವರ ಮಗನೊಂದಿಗೆ ಅವತ್ತು ಆಡಿದೆ. ಅಮ್ಮನ ಒಪ್ಪಿಗೆ ಕೇಳಿಕೊಂಡು, ಆ ಎರಡು ಅಂಕವನ್ನು ತೋರಿಸಿ.