ತೆಂಕಣ ಬಾನಿನ ಹಿತ್ತಿಲು

ಗುಂಡ್ಲುಪೇಟೆಯ ಹಿತ್ತಿಲಿಗೂ ಈಗ ಬೀದಿಯ ಎಲ್‌ಇಡಿ ಬೆಳಕು ನುಗ್ಗುತ್ತದೆ. ಆಕಾಶಗಂಗೆಯ ಆಸೆ ಬಿಡಿ. ಆದರೆ ತೆಂಕಣಕ್ಕೆ ಬಂಡೀಪುರದ ಕಾಡಿದೆ, ಅಲ್ಲಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಪ್ರಾಣಿಗಳಿಗೆಂದು ಮಾಡಿದ ನಿಯಮ, ನಕ್ಷತ್ರ ನೋಡುವವರಿಗೂ ದಕ್ಕಿತು!

ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆಯ ಅಕ್ಷಾಂಶ ಸುಮಾರು 12 ಡಿಗ್ರಿ. ಅಷ್ಟೇ ತಗ್ಗಿನಲ್ಲಿರುವ ಧ್ರುವ ನಕ್ಷತ್ರ ಮನೆಗಳ ಹಿಂದೆ ಅಡಗುತ್ತದೆ ನಿಜ. ಬದಲಿಗೆ ಮೇ ತಿಂಗಳ ರಾತ್ರಿ ಒಂಬತ್ತರ ಸುಮಾರಿಗೆ ತೆಂಕಣ ಬಾನಿನಲ್ಲಿ ತ್ರಿಶಂಕು ನಕ್ಷತ್ರಪುಂಜ ನೆಟ್ಟಗೆ ನಿಲ್ಲುತ್ತದೆ. ಅದರ ಎಡಕ್ಕೆ, ಮೇಲೆ, ಒಮೆಗಾ ಸೆಂಟಾರಿ: ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ. ಲಂಡನ್ನಿನಲ್ಲಿ ಅದು ಹುಟ್ಟುವುದೇ ಇಲ್ಲ.

ಪಟ್ಟಣದ ಬಾನಿಗೆ 7×50ಕ್ಕಿಂತ 10×50 ಬೈನಾಕ್ಯುಲರ್ ಮೇಲು. ವರ್ಧನೆ ಹೆಚ್ಚಿದಂತೆ ಹಿನ್ನೆಲೆಯ ಮಬ್ಬು ಕಪ್ಪಾಗುತ್ತದೆ, ಚುಕ್ಕಿ ಮಾತ್ರ ಮಂಕಾಗದು. ಕೈ ನಡುಗಿದರೆ ಮೊಣಕೈಯನ್ನು ಕಾಂಪೌಂಡ್ ಗೋಡೆಗೆ ಊರಿ.