ಧಾರಾವಾಹಿ ನಾಟಕಗಳಲ್ಲಿ ರಹಸ್ಯವೂ ಪ್ರೇಕ್ಷಕರ ವಿಮರ್ಶವೂ

ಕಾವ್ಯವು ದೃಶ್ಯವೆಂದೂ ಶ್ರವ್ಯವೆಂದೂ ಎರಡು ವಿಧವಾದುದೆಂಬುದು ಪ್ರಸಿದ್ಧವಾಗಿಯೇ ಇದೆ. ದೂರದರ್ಶನದಲ್ಲಿ ವಾರವಾರಕ್ಕೂ ತೋರಿಸಲ್ಪಡುವ ಧಾರಾವಾಹಿ ನಾಟಕವು ದೃಶ್ಯಕಾವ್ಯದ ವರ್ಗಕ್ಕೇ ಸೇರತಕ್ಕದ್ದು. ಆದರೆ ಪ್ರಾಚೀನ ರೂಪಕಗಳಲ್ಲಿಲ್ಲದ ಒಂದು ಲಕ್ಷಣವು ಇದರಲ್ಲಿರುವುದು. ಅಲ್ಲಿ ಒಂದಂಕಕ್ಕೂ ಮತ್ತೊಂದಂಕಕ್ಕೂ ನಡುವೆ ಪ್ರೇಕ್ಷಕನಿಗೆ ದೊರೆಯುವ ವಿರಾಮವು ಅಲ್ಪವಾದುದು. ಇಲ್ಲಿಯಾದರೋ ಒಂದು ವಾರ, ಕೆಲವು ವೇಳೆ ಅನೇಕ ತಿಂಗಳು. ಈ ಅವಕಾಶದಲ್ಲಿ ಆಸಕ್ತರಾದ ಪ್ರೇಕ್ಷಕರು ಸುಮ್ಮನಿರುವುದಿಲ್ಲ. ಕಥೆಯಲ್ಲಿ ಮುಚ್ಚಿಟ್ಟಿರುವುದೇನು, ಮುಂದಿನ ತಿರುವು ಯಾವುದು, ಯಾವ ಮಾತು ಯಾವುದಕ್ಕೆ ಸೂಚನೆ ಎಂದು ತಮ್ಮತಮ್ಮೊಳಗೆ ಚರ್ಚಿಸುವರು. ಈ ಚರ್ಚೆಯನ್ನು ಪಂಡಿತರು ಸಾಮಾನ್ಯವಾಗಿ ಕಾಡುಹರಟೆಯೆಂದು ಎಣಿಸಿ ಬಿಟ್ಟುಬಿಡುವರು. ಅದು ರಸಾಸ್ವಾದಕ್ಕೆ ಅಂಗವೋ, ಅಥವಾ ವಿಘ್ನವೋ ಎಂಬುದು ವಿಚಾರಣೀಯವಾದ ವಿಷಯ.

೧

ಮೊದಲು ರಹಸ್ಯದ ಸ್ವರೂಪವನ್ನು ನಿರ್ಣಯಿಸಬೇಕು. ನಾಟಕದಲ್ಲಿ ರಹಸ್ಯವು ಎರಡು ಬಗೆಯಾಗಿರುವುದು: ಪಾತ್ರಗಳಿಗೆ ಮಾತ್ರ ತಿಳಿಯದೆ ಪ್ರೇಕ್ಷಕರಿಗೆ ತಿಳಿದಿರುವುದೊಂದು, ಪ್ರೇಕ್ಷಕರಿಗೂ ತಿಳಿಯದಿರುವುದು ಮತ್ತೊಂದು. ಸಂಸ್ಕೃತ ನಾಟಕಕಾರರು ಬಹುಮಟ್ಟಿಗೆ ಮೊದಲನೆಯದನ್ನೇ ಆದರಿಸಿದ್ದಾರೆ. ದೂರ್ವಾಸನ ಶಾಪವನ್ನು ದುಷ್ಯಂತನು ಅರಿಯನು, ಶಕುಂತಲೆಯೂ ಅರಿಯಳು. ಸಭೆಯಲ್ಲಿ ಕುಳಿತಿರುವ ಸಹೃದಯನಾದರೋ ಸಖಿಯರ ಮುಖದಿಂದ ಅದನ್ನು ಆಗಲೇ ಅರಿತಿರುವನು. ವಾಸವದತ್ತೆಯು ಬೆಂಕಿಯಲ್ಲಿ ಬೆಂದಳೆಂದು ಉದಯನನು ಶೋಕಿಸುವನು. ಆಕೆ ಆವಂತಿಕೆಯ ವೇಷದಲ್ಲಿ ಪದ್ಮಾವತಿಯ ಬಳಿಯಿರುವುದು ಪ್ರೇಕ್ಷಕರಿಗೆ ಮೊದಲಂಕದಲ್ಲಿಯೇ ಗೊತ್ತು. ಕರ್ಣನ ಜನ್ಮವೃತ್ತಾಂತವೂ ಇಂಥದೇ. ಭಾರತವನ್ನು ಓದುವವರೆಲ್ಲರೂ ಬಲ್ಲ ಈ ಸಂಗತಿಯನ್ನು ಧರ್ಮರಾಯನು ಯುದ್ಧವೆಲ್ಲ ಮುಗಿದು ತರ್ಪಣ ಕೊಡುವಾಗ ಸ್ತ್ರೀಪರ್ವದಲ್ಲಿ ಕೇಳುವನು. ಓದುಗನು ಅರಿತಿರುವುದರಿಂದಲೇ ಕರ್ಣನ ಒಂದೊಂದು ಮಾತೂ ಅವನ ಎದೆಯನ್ನು ಇರಿಯುವುದು. ರಹಸ್ಯವು ಇಲ್ಲಿ ಕುತೂಹಲಕ್ಕಲ್ಲ, ಕರುಣಕ್ಕೆ ಪೋಷಕವಾಗಿದೆ.

ಎರಡನೆಯ ಬಗೆಯು ನಮ್ಮ ಪ್ರಾಚೀನರಿಗೆ ಅಜ್ಞಾತವಾಗಿತ್ತೆಂದು ಹೇಳುವಂತಿಲ್ಲ. ಮುದ್ರಾರಾಕ್ಷಸದ ಮೊದಲಂಕದಲ್ಲಿ ಚಾಣಕ್ಯನು ಸಿದ್ಧಾರ್ಥಕನ ಕಿವಿಯಲ್ಲಿ ಹೇಳುವ ಮಾತು ಸಭೆಗೆ ಕೇಳಿಸುವುದಿಲ್ಲ. ಮುದ್ರೆಯೊತ್ತಿದ ಪತ್ರವೊಂದು ಹೊರಟಿತೆಂಬುದು ಮಾತ್ರ ತಿಳಿಯುವುದು. ಅದರ ಪೂರ್ಣ ಪ್ರಯೋಜನವು ಐದನೆಯ ಅಂಕದಲ್ಲಿ ಮಲಯಕೇತುವಿನ ಶಿಬಿರದಲ್ಲಿ ಪ್ರಕಟವಾಗುವುದು. ಆದರೂ ವಿಶಾಖದತ್ತನು ಬೀಜವನ್ನು ಮರೆಮಾಡಿದವನಲ್ಲ. ಬೀಜವನ್ನು ಕಣ್ಣೆದುರಿಗೇ ಬಿತ್ತಿ, ಅದು ಮೊಳೆಯುವ ಬಗೆಯನ್ನು ಮಾತ್ರ ಮುಚ್ಚಿಟ್ಟನು. ಈ ಭೇದವು ಮುಂದಿನ ವಿಚಾರಕ್ಕೆ ಮುಖ್ಯವಾದುದು.

೨

ಅಮೆರಿಕದ ‘ಡಲ್ಲಾಸ್’ ಎಂಬ ಧಾರಾವಾಹಿಯಲ್ಲಿ ಜೆ. ಆರ್. ಯೂಯಿಂಗ್ ಎಂಬ ತೈಲೋದ್ಯಮಿಯು ಮುಖ್ಯ ಪಾತ್ರ. ೧೯೮೦ನೆಯ ಮಾರ್ಚಿ ೨೧ರಂದು ತೋರಿಸಿದ ಭಾಗದ ಕೊನೆಯಲ್ಲಿ ಯಾರೋ ಅವನಿಗೆ ಗುಂಡು ಹಾರಿಸಿದರು. ಹಾರಿಸಿದವರಾರೆಂಬುದು ಅದೇ ವರ್ಷದ ನವೆಂಬರ್ ೨೧ರವರೆಗೆ ತಿಳಿಯಲಿಲ್ಲ. ನಟರ ಮುಷ್ಕರವೂ ಈ ವಿಳಂಬಕ್ಕೆ ಒಂದು ಕಾರಣ. ಈ ಎಂಟು ತಿಂಗಳು ಪ್ರೇಕ್ಷಕರು ಮಾಡಿದ ಊಹೆಗಳಿಗೆ ಲೆಕ್ಕವಿಲ್ಲ. ಇಂಗ್ಲೆಂಡಿನಲ್ಲಿ ಪಣವೊಡ್ಡಿದವರೂ ಉಂಟು. ಉತ್ತರ ದೊರೆತ ರಾತ್ರಿ ಅಮೆರಿಕದಲ್ಲಿ ನೋಡಿದವರು ಸುಮಾರು ೮ ಕೋಟಿ ೩೦ ಲಕ್ಷ ಮಂದಿ. ಅಪರಾಧಿಯು ಅವನ ಹೆಂಡತಿಯ ತಂಗಿ ಕ್ರಿಸ್ಟಿನ್.

ಇಷ್ಟು ಜನರನ್ನು ಕಾಯಿಸಿದ ಈ ರಹಸ್ಯದ ಸತ್ತ್ವವೆಷ್ಟು? ಗುಟ್ಟು ಹೊರಬೀಳದಿರಲೆಂದು ನಿರ್ಮಾಪಕರು ಬೇರೆಬೇರೆ ಪಾತ್ರಗಳು ಗುಂಡು ಹಾರಿಸುವಂತೆ ದೃಶ್ಯಗಳನ್ನು ಚಿತ್ರಿಸಿಕೊಂಡಿದ್ದರು. ಈ ಉಪಾಯವೇ ಕಥೆಯ ದೌರ್ಬಲ್ಯಕ್ಕೆ ಸಾಕ್ಷಿ. ಜೆ. ಆರ್.ನನ್ನು ದ್ವೇಷಿಸದವರು ಆ ಕಥೆಯಲ್ಲಿ ವಿರಳ. ಕ್ರಿಸ್ಟಿನಳ ಸ್ಥಾನದಲ್ಲಿ ಮತ್ತೊಬ್ಬರನ್ನಿರಿಸಿದರೂ ಹಿಂದಿನ ಕಥೆಗೆ ಬಾಧೆಯಿಲ್ಲ. ಯಾವ ಬೀಜದಿಂದ ಯಾವ ಫಲವಾದರೂ ಹುಟ್ಟಬಹುದಾದರೆ ಅದು ಬೀಜವೇ ಅಲ್ಲ. ಅಲ್ಲಿದ್ದುದು ರಹಸ್ಯವಲ್ಲ, ಅಜ್ಞಾನಮಾತ್ರ. ಅಜ್ಞಾನವು ನಿವೃತ್ತವಾದೊಡನೆ ಕುತೂಹಲವೂ ಶಾಂತವಾಗುವುದು. ಹೃದಯದಲ್ಲಿ ಉಳಿಯುವುದೇನೂ ಇಲ್ಲ.

ಇದಕ್ಕೆ ಪ್ರತ್ಯುದಾಹರಣೆಯು ಡೇವಿಡ್ ಲಿಂಚ್, ಮಾರ್ಕ್ ಫ್ರಾಸ್ಟ್ ಎಂಬಿಬ್ಬರು ರಚಿಸಿ ೧೯೯೦ನೆಯ ಏಪ್ರಿಲ್ ತಿಂಗಳಲ್ಲಿ ಪ್ರಾರಂಭವಾದ ‘ಟ್ವಿನ್ ಪೀಕ್ಸ್’. ಲಾರಾ ಪಾಮರ್ ಎಂಬ ತರುಣಿಯ ಶವವು ನೀರಿನಂಚಿನಲ್ಲಿ ದೊರೆಯುವುದರಿಂದ ಕಥೆಯು ಮೊದಲಾಗುವುದು. ಪ್ರೇಕ್ಷಕರು ಒಂದೊಂದು ಭಾಗವನ್ನೂ ವಿಡಿಯೋ ಸುರುಳಿಯಲ್ಲಿ ಹಿಡಿದಿಟ್ಟು, ಮತ್ತೆಮತ್ತೆ ತಿರುಗಿಸಿ, ವ್ಯಾಖ್ಯಾನಕಾರರು ಪದಚ್ಛೇದ ಮಾಡುವಂತೆ ದೃಶ್ಯಚ್ಛೇದ ಮಾಡಿ ನೋಡಿದರು. ನವೆಂಬರ್ ೧೦ರಂದು ಕೊಲೆಗಾರನು ಕನ್ಯೆಯ ತಂದೆ ಲೀಲ್ಯಾಂಡನೇ, ಒಂದು ದುಷ್ಟಶಕ್ತಿಯ ಆವೇಶಕ್ಕೆ ಒಳಗಾದವನು, ಎಂಬುದು ಪ್ರಕಟವಾಯಿತು. ಆಗ ಹಿಂದಿನದೆಲ್ಲವೂ ಬೇರೊಂದು ಬೆಳಕಿನಲ್ಲಿ ಕಾಣಿಸಿಕೊಂಡಿತು. ಮಗಳ ಚಿತ್ರಪಟವನ್ನು ಅಪ್ಪಿ ಅವನು ಅಳುತ್ತ ಕುಣಿದುದು, ಶವಪೆಟ್ಟಿಗೆಯ ಮೇಲೆ ಬಿದ್ದು ಹೊರಳಿದುದು, ಕೂದಲು ಒಮ್ಮೆಗೇ ನರೆತುದು—ಕರುಣವೆಂದು ತೋರಿದ್ದ ಇವೆಲ್ಲವೂ ಕರುಣವಾಗಿಯೇ ಉಳಿದು ಭಯಾನಕವನ್ನೂ ಒಳಕೊಂಡುವು. ಇಲ್ಲಿ ತಂದೆಯ ಸ್ಥಾನದಲ್ಲಿ ಮತ್ತೊಬ್ಬನನ್ನು ನಿಲ್ಲಿಸಿದರೆ ಕಥೆಯೇ ಕುಸಿಯುವುದು.

ಆದರೆ ಇದರಲ್ಲಿಯೂ ದೋಷವುಂಟು. ಪ್ರಸಾರಸಂಸ್ಥೆಯ ಒತ್ತಾಯದಿಂದ ರಹಸ್ಯವನ್ನು ನಡುವೆಯೇ ಬಿಚ್ಚಬೇಕಾಗಿ ಬಂದುದರಿಂದ, ನಿರ್ವಹಣಸಂಧಿಯಲ್ಲಿ ಬರತಕ್ಕ ಅದ್ಭುತವು ಅಕಾಲದಲ್ಲಿ ಬಂದಂತಾಯಿತು. ಬಳಿಕ ಕಥೆಗೆ ಕಾರ್ಯವಿಲ್ಲದೆ ಪ್ರೇಕ್ಷಕರು ಕಡಿಮೆಯಾಗುತ್ತ ೧೯೯೧ನೆಯ ಜೂನ್ ೧೦ರಂದು ಅದು ನಿಂತುಹೋಯಿತು. ನಿರ್ವಹಣದಲ್ಲಿ ಅದ್ಭುತವಿರಬೇಕೆಂದು ಭರತಮುನಿಯು ವಿಧಿಸಿದುದು ಬರಿಯ ಸಂಪ್ರದಾಯವಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೩

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಚರ್ಚೆಯಿಂದ ರಹಸ್ಯವನ್ನು ಮುಂದಾಗಿಯೇ ಊಹಿಸಿಬಿಟ್ಟರೆ ಅದ್ಭುತವು ನಷ್ಟವಾಗುವುದು, ಆದುದರಿಂದ ಇಂಥ ಚರ್ಚೆ ರಸವಿಘ್ನವೇ ಸರಿ, ಎಂದು. ಇದಕ್ಕೆ ಸಮಾಧಾನ: ಅರಿತ ಕಥೆಯಲ್ಲಿ ರಸವಿಲ್ಲವೆಂದಾದರೆ ಶಾಕುಂತಲವನ್ನು ಎರಡನೆಯ ಬಾರಿ ಓದುವವರೇ ಇರುತ್ತಿರಲಿಲ್ಲ, ಅದನ್ನು ವರ್ಷವರ್ಷವೂ ಪಾಠ ಹೇಳುವ ಉಪಾಧ್ಯಾಯರ ಪಾಡಂತೂ ಹೇಳತೀರದು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲೆವಿಟ್, ಕ್ರಿಸ್ಟೆನ್‌ಫೆಲ್ಡ್ ಎಂಬ ಮನಶ್ಶಾಸ್ತ್ರಜ್ಞರು ೧೨ ಸಣ್ಣಕಥೆಗಳನ್ನು ಹಿಡಿದು ಪರೀಕ್ಷಿಸಿ, ಅಂತ್ಯವನ್ನು ಮೊದಲೇ ತಿಳಿದು ಓದಿದವರು ಹೆಚ್ಚಾಗಿ ಸಂತೋಷಪಟ್ಟರೆಂದು ೨೦೧೧ರಲ್ಲಿ ಪ್ರಕಟಿಸಿದರು. ಅನಂತರದ ಪರೀಕ್ಷೆಗಳಲ್ಲಿ ಇದಕ್ಕೆ ವಿರುದ್ಧವಾದ ಫಲಗಳೂ ಕಂಡುಬಂದಿರುವುದರಿಂದ ಇದನ್ನೊಂದನ್ನೇ ಪ್ರಮಾಣವೆನ್ನಲಾಗದು. ಪ್ರಯೋಗದಲ್ಲಿಯೇ ದೊರೆಯುವ ಪ್ರಮಾಣವು ಇನ್ನೂ ಬಲವಾದುದು. ‘ಕೊಲಂಬೊ’ ಎಂಬ ಪತ್ತೇದಾರಿ ನಾಟಕಮಾಲೆಯಲ್ಲಿ ಕೊಲೆಗಾರನಾರೆಂಬುದನ್ನು ಸಾಮಾನ್ಯವಾಗಿ ಮೊದಲೇ ತೋರಿಸಿಬಿಡುವರು. ಪೀಟರ್ ಫಾಕನು ಅಭಿನಯಿಸಿದ ಆ ಅಧಿಕಾರಿಯು ಅವನನ್ನು ಹಿಡಿಯುವ ಬಗೆ ಹೇಗೆಂಬುದೊಂದೇ ಅಲ್ಲಿ ಕುತೂಹಲ. ಆದರೂ ಅದನ್ನು ಜನರು ವರ್ಷಗಟ್ಟಲೆ ಆದರಿಸಿದರು.

೪

ಈ ವಿಚಾರಕ್ಕೆ ಅತ್ಯಂತ ಉಪಯುಕ್ತವಾದ ಉದಾಹರಣೆಯು ‘ಗೇಮ್ ಆಫ್ ಥ್ರೋನ್ಸ್’. ಜಾರ್ಜ್ ಆರ್. ಆರ್. ಮಾರ್ಟಿನ್ನನ ಕಥಾಮಾಲೆಯ ಮೊದಲ ಸಂಪುಟವು ೧೯೯೬ರಲ್ಲಿ ಹೊರಬಂದಿತು. ಅದರಲ್ಲಿ ಜಾನ್ ಸ್ನೋ ಎಂಬ ತರುಣನು ಎಡ್ಡರ್ಡ್ ಸ್ಟಾರ್ಕನ ಜಾರಜಪುತ್ರನೆಂದು ಪ್ರಸಿದ್ಧನಾಗಿರುವನು. ಆದರೆ ಎಡ್ಡರ್ಡನು ಸಾಯುತ್ತಿದ್ದ ತಂಗಿ ಲಿಯಾನಳಿಗೆ ಕೊಟ್ಟ ಭಾಷೆಯನ್ನು ಮತ್ತೆಮತ್ತೆ ನೆನೆಯುವನು. ಭಾಷೆಯೇನೆಂಬುದನ್ನು ಕವಿಯು ಹೇಳುವುದಿಲ್ಲ. ಇಷ್ಟು ಎಳೆಯನ್ನು ಹಿಡಿದು ಜಾನನು ಲಿಯಾನಳಿಗೆ ರಾಜಪುತ್ರ ರೇಗರನಿಂದ ಹುಟ್ಟಿದವನೆಂದು ಓದುಗರು ಬಹುಕಾಲದ ಹಿಂದೆಯೇ ಸಾಧಿಸಿದರು. ಓದುಗರು ಊಹಿಸಿದರೆಂಬ ಕಾರಣಕ್ಕೆ ಕಥೆಯನ್ನು ತಿರುಚುವುದು ಅನರ್ಥವೆಂದು ಮಾರ್ಟಿನ್ನನು ೨೦೧೪ರಲ್ಲಿ ಅಭಿಪ್ರಾಯಪಟ್ಟನು. ದೂರದರ್ಶನದ ನಾಟಕದಲ್ಲಿ ೨೦೧೬ನೆಯ ಜೂನ್ ೨೬ರಂದು ಆ ಊಹೆಯೇ ನಿಜವಾಯಿತು. ಊಹೆ ಸರಿಹೋದುದು ಕವಿಯ ಸೋಲಲ್ಲ. ಬೀಜವನ್ನು ಸರಿಯಾಗಿ ಬಿತ್ತಿದ್ದನೆಂಬುದಕ್ಕೆ ಸಾಕ್ಷಿ.

ಆದರೆ ೨೦೧೯ರಲ್ಲಿ ನಾಟಕವು ಮುಗಿದಾಗ ಆಕ್ಷೇಪವು ಬೇರೆ ರೀತಿಯಲ್ಲಿ ಬಂದಿತು. ಕೊನೆಯ ಭಾಗಗಳನ್ನು ಮತ್ತೆ ರಚಿಸಬೇಕೆಂಬ ಮನವಿಗೆ ೧೦ ಲಕ್ಷಕ್ಕೂ ಮಿಕ್ಕ ಜನರು ಒಪ್ಪಿಗೆ ಹಾಕಿದರು. ಅವರ ದೂರು ಮುಖ್ಯವಾಗಿ ರಹಸ್ಯವು ಮೊದಲೇ ತಿಳಿದುಹೋಯಿತೆಂಬುದಲ್ಲ. ನಡೆದುದು ನಡೆಯಬೇಕಾದ ಕ್ರಮದಲ್ಲಿ ನಡೆಯಲಿಲ್ಲವೆಂಬುದು. ಜಾನನ ಜನ್ಮರಹಸ್ಯವು ಡೆನೇರಿಸಳೊಡನೆ ಅವನಿಗೆ ವಿರೋಧವನ್ನು ತಂದಿತೇ ಹೊರತು ಪ್ರಧಾನಫಲದಲ್ಲಿ ಪರ್ಯವಸಾನವಾಗಲಿಲ್ಲ. ಸಿಂಹಾಸನವು ಬ್ರಾನನಿಗೆ ಸಂದಿತು, ಜಾನನು ಉತ್ತರದಿಕ್ಕಿಗೆ ಗಡೀಪಾರಾದನು. ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಪೋಷಿತವಾದ ಬೀಜವು ಹೀಗೆ ಪ್ರಾಸಂಗಿಕವಾಗಿ ಬಾಡಿದುದು ಸಹೃದಯರಿಗೆ ಸಹ್ಯವಾಗಲಿಲ್ಲ. ಅವರು ಶಾಸ್ತ್ರವನ್ನು ಓದಿದವರಲ್ಲ; ಆದರೂ ಅವರು ಎತ್ತಿ ತೋರಿಸಿದ ದೋಷವು ಶಾಸ್ತ್ರಸಮ್ಮತವಾದುದೇ.

೫

ಇದರಿಂದ ಸಿದ್ಧವಾಗುವುದೇನೆಂದರೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂಬ ಐದು ಸಂಧಿಗಳಲ್ಲಿ ನಾಲ್ಕನೆಯದಾದ ವಿಮರ್ಶವು ಸಂದೇಹದಿಂದ ಕೂಡಿದ ಪರ್ಯಾಲೋಚನೆ. ಪ್ರಾಚೀನ ರೂಪಕಗಳಲ್ಲಿ ಇದು ರಂಗದ ಮೇಲೆ ಪಾತ್ರಗಳಲ್ಲಿ ನಡೆಯುತ್ತಿದ್ದಿತು. ಧಾರಾವಾಹಿ ನಾಟಕದಲ್ಲಿ ಇದರ ಒಂದು ಭಾಗವು ರಂಗದಿಂದಿಳಿದು ಪ್ರೇಕ್ಷಕರ ಮನೆಗಳಿಗೆ ಬಂದಿದೆ. ಆದುದರಿಂದ ಅಭಿಮಾನಿಗಳ ಚರ್ಚೆಯು ನಾಟಕಕ್ಕೆ ಹೊರಗಿನದಲ್ಲ, ಅದರ ಅಂಗವೇ. ಅದು ನಾಟಕಕ್ಕೆ ಒರೆಗಲ್ಲೂ ಹೌದು. ಊಹೆಗೆ ಸಿಕ್ಕಿದ ಮೇಲೆಯೂ ಉಳಿಯುವ ರಹಸ್ಯವು ಚಿನ್ನ. ಊಹೆಗೆ ಸಿಕ್ಕೊಡನೆ ಸವೆದುಹೋಗುವುದು ಬರಿಯ ಮುಲಾಮು. ಅಂಥದನ್ನು ಕಾಪಾಡುವುದಕ್ಕಾಗಿ ಪ್ರೇಕ್ಷಕರ ಬಾಯನ್ನು ಕಟ್ಟಬಯಸುವ ಕವಿಯು ತನ್ನ ಕೃತಿಯ ಬಡತನವನ್ನು ತಾನೇ ಸಾರಿದಂತಾಗುವುದು.